ಕರ್ನಲ್ ಕೇಳಿದಾಗ ಬಾರಿಸುತ್ತಿದ್ದ ಗಂಟೆ

ನಿವೃತ್ತಿಯ ದಿನ ನನಗೆ ಶಾಲು ಹೊದಿಸಿ, ಕೈಗೊಂದು ಗಡಿಯಾರ ಕೊಟ್ಟು, ನಾಲ್ಕು ಮಾತು ಆಡಿ ಎಂದರು. ನಾಲ್ಕು ಮಾತು ಆಡಿದೆ. ಆಡಬೇಕಾದದ್ದನ್ನು ಆಡಲಿಲ್ಲ. ನನ್ನ ಜಾಗಕ್ಕೆ ಬಂದ ಇಬ್ಬರು ಹುಡುಗಿಯರು ಮುಂದಿನ ಸಾಲಿನಲ್ಲಿ ಕೂತು ಮೊಬೈಲ್ ನೋಡುತ್ತಿದ್ದರು. ಅವರಿಗೆ ಹೇಳಬೇಕಿದ್ದದ್ದನ್ನು ಈಗ ಬರೆಯುತ್ತಿದ್ದೇನೆ. ಅವರಿಗೆ ಕನ್ನಡ ಮಾತು ಬರುತ್ತದೆ, ಓದಲು ತಡವರಿಸುತ್ತಾರೆ. ತಡವರಿಸಿಯೇ ಓದಲಿ. ಈ ಸಂಗತಿಯನ್ನು ಅವಸರದಲ್ಲಿ ಓದಬಾರದು.

ನನ್ನ ಹೆಸರು ಶಾರದಾ, ಕಾರ್ಖಾನೆಯಲ್ಲಿ ಗೌರವಕ್ಕೆ ಬಾಯಿ ಎನ್ನುತ್ತಿದ್ದರು. ತವರು ಹನ್ನೂರ. ಸೋಲಾಪುರದಲ್ಲಿ ಅಕ್ಕಲಕೋಟೆ ರಸ್ತೆಯ ಕಡೆ ಇರುವ ಒಂದು ಟಾವೆಲ್ ಕಾರ್ಖಾನೆಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಿದ್ದೆ. ವಿಭಾಗ ಎಂದರೆ ಬಣ್ಣ ಹಾಕುವ ಶೆಡ್ಡಿನ, ಅಂದರೆ ಬಣ್ಣದ ಖಾತೆಯ ಮೇಲಿನ ಒಂದು ಗಾಜಿನ ಕೋಣೆ, ನಾಲ್ಕು ಮಷಿನ್ನು, ನಾನು ಮತ್ತು ನನ್ನ ಮೇಲಿನವರಾದ ಗುರುಪಾದಪ್ಪ ಕಾಕಾ. ಅವರು ದಿನಾ ಅಕ್ಕಲಕೋಟೆಯಿಂದ ಬಸ್ಸಿಗೆ ಬರುತ್ತಿದ್ದರು. ಬಂದ ಕೂಡಲೇ ಮಷಿನ್ನುಗಳಿಗೆ ಊದುಬತ್ತಿ ಬೆಳಗುತ್ತಿದ್ದರು. ಡಿಪ್ಲೊಮಾ ಮುಗಿಸಿದ ಸೊಕ್ಕಿನಲ್ಲಿದ್ದ ನನಗೆ ಅದನ್ನು ಕಂಡು ನಗು ಬರುತ್ತಿತ್ತು. ಆ ನಗು ನನಗೆ ಮುಂದೆ ತುಟ್ಟಿಯಾಯಿತು.

ಕೆಲಸಕ್ಕೆ ಸೇರಿದ ಮೊದಲ ತಿಂಗಳಲ್ಲೇ ನಾನೊಂದು ಘನಕಾರ್ಯ ಮಾಡಿದೆ. ಲಿನಕ್ಸ್ ಮಷಿನ್ನಿನ ನಡುವೆ ಕರ್ನಲ್ ಎಂಬುದು ಇರುತ್ತದೆ. ಯಂತ್ರದ ಜೊತೆ ನೇರ ಮಾತಾಡುವುದು ಅದೊಂದೇ. ಆದರೆ ಲೋಕದ ಎಲ್ಲ ಯಂತ್ರಗಳ ಭಾಷೆಯನ್ನೂ ಅದು ಹೊಟ್ಟೆಯಲ್ಲಿ ಇಟ್ಟುಕೊಂಡಿರುವುದಿಲ್ಲ. ಒಂದೊಂದು ಸಾಧನಕ್ಕೂ ಒಂದೊಂದು ತುಣುಕು, ಅದಕ್ಕೆ ಮಾಡ್ಯೂಲ್ ಎನ್ನುತ್ತಾರೆ. ಬೇಕಾದಾಗ ಏರಿಸುವುದು, ಬೇಡವಾದಾಗ ಇಳಿಸುವುದು. ನಾನು ಕರ್ನಲ್ ಹಗುರವಾಗಲಿ ಎಂದು ಸಿಕ್ಕಿದ್ದನ್ನೆಲ್ಲ ಮಾಡ್ಯೂಲ್ ಮಾಡಿ ಹೊರಗಿಟ್ಟೆ, ಡಿಸ್ಕ್ ಓದುವ ತುಣುಕನ್ನೂ ಸೇರಿಸಿ. ಆ ತುಣುಕು ಇದ್ದದ್ದು ಅದೇ ಡಿಸ್ಕಿನ ಮೇಲೆ. ಮಷಿನ್ ಮತ್ತೆ ಏಳಲಿಲ್ಲ.

ಕಾಕಾ ಪರದೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಶಾಬಾಸ್ ತಂಗಿ. ಕೀಲಿ ಪೆಟಗಿ ಒಳಗಿಟ್ಟು ಪೆಟಗಿಗಿ ಕೀಲಿ ಹಾಕೀದಿ."

ಬೈಯಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿ ಕೂತಾಗ ರೊಟ್ಟಿ ಮುರಿಯುತ್ತ ಹೇಳಿದರು. "ನಮ್ಮ ಸೋಲಾಪುರದ ವ್ಯಾಪಾರಸ್ಥರ ಮನ್ಯಾಗ ಮುದುಕಿ ಒಳಗಿನ ಖೋಲ್ಯಾಗ ಕುಂತಿರ್ತಾಳಲ್ಲ, ಕಣ್ಣು ಕಾಣೂದಿಲ್ಲ, ಆದರ ಮನಿ ಯಜಮಾನಿ ಆಕಿನೇ. ಒಳಗಿಂದ ಒದರ್ತಾಳ, ಆ ಡಬ್ಬಿ ತಾ ಅಂತ. ತಂದು ಕೊಡಾಕಿ ಯಾರು?"

"ಸೊಸಿ," ಎಂದೆ.

"ಡಬ್ಬಿ ಎಲ್ಲಿ ಅದ ಅಂತ ಗೊತ್ತಿರೂದು?"

"ಸೊಸಿಗೇ."

"ಹಾಂ. ಮುದುಕಿ ಕೇಳಿದ್ದೆಲ್ಲಾ ತಂದು ಕೊಟ್ಟರ ಏನ್ ಆಗ್ತದ? ತುಪ್ಪ ಅಂತ ಸುಣ್ಣದ ಡಬ್ಬಿ ಕೇಳಿರ್ತಾಳ. ಕರ್ನಲ್ ಅಂದ್ರ ಮುದುಕಿ. ಬೇಕು ಅಂತ ಕೇಳೂದಷ್ಟೇ ಅದರ ಕೆಲಸ. ಕೊಡಬೇಕೋ ಬ್ಯಾಡೋ ಅನ್ನೂದು ಹೊರಗಿನವರ ಕೆಲಸ. ಹೊರಗಿನವರಿಗಿ ಕಣ್ಣು ಅವ."

ನನ್ನ ಇಡೀ ವೃತ್ತಿಯಲ್ಲಿ ಇದಕ್ಕಿಂತ ಸರಿಯಾಗಿ ಆ ಕೆಲಸದ ಹಂಚಿಕೆಯನ್ನು ಯಾರೂ ಹೇಳಲಿಲ್ಲ. ಕರ್ನಲ್ ಒಳಗಿನದು, ಯೂಸರ್‌ಸ್ಪೇಸ್ ಎನ್ನುವುದು ಹೊರಗಿನ ಪಡಸಾಲೆ. ಈ ಹಂಚಿಕೆಯ ರೀತಿ ನನ್ನ ಕಾಲದಲ್ಲೇ ಎರಡು ಸಲ ಬದಲಾಯಿತು. ಮೊದಲು ಒಳಗಿನವಳ ಕೂಗಿಗೆ ಕಿವಿಗೊಟ್ಟು ಪಡಸಾಲೆಯಲ್ಲಿ ಒಂದು ಪ್ರೋಗ್ರಾಮ್ ಸದಾ ಕೂತಿರುತ್ತಿತ್ತು. ಆಮೇಲೆ ಆ ಕಾವಲು ತೆಗೆದರು. ಬೇಕಾದ ಹೊತ್ತಿಗೆ ಕರ್ನಲ್ ತಾನೇ ಹೊರಗಿನ ಒಂದು ಸಣ್ಣ ಪ್ರೋಗ್ರಾಮನ್ನು ಎಬ್ಬಿಸಿ ಕೇಳಿ, ಕೆಲಸವಾದ ಮೇಲೆ ಅದನ್ನು ಮಲಗಿಸುತ್ತಿತ್ತು. ಕೊನೆಗೆ ಬಂದ ಪದ್ಧತಿಯಲ್ಲಿ ಮಷಿನ್ ಏಳುವಾಗಲೇ ಕರ್ನಲ್ "ಇಂಥ ಸಾಧನ ಕಂಡೆ" ಎಂದು ಸಾರುತ್ತದೆ, ಹೊರಗಿನವರು ತಕ್ಷಣ ಅದರ ಮಾಡ್ಯೂಲ್ ತಂದು ಏರಿಸುತ್ತಾರೆ. ಬಹಳ ಚುರುಕು. ಚುರುಕು ಎಂದರೆ ಯಾರೂ ನಿಂತು ಯೋಚಿಸುವುದಿಲ್ಲ ಎಂದೂ ಅರ್ಥ.

ಈಗ ಟಾಕಿಯ ವಿಷಯ. ಬಣ್ಣದ ಖಾತೆಯಲ್ಲಿ ಟಾವೆಲ್ಲುಗಳನ್ನು ಕುದಿಸುವ ದೊಡ್ಡ ಉಕ್ಕಿನ ಟಾಕಿಗಳಿದ್ದವು. ಮೂರನೆಯ ಟಾಕಿಯ ಉಗಿಯ ವಾಲ್ವನ್ನು ತೆರೆದು ಮುಚ್ಚುವುದು ನಮ್ಮ ಮಷಿನ್ನಿನೊಳಗಿನ ಒಂದು ಕಾರ್ಡು. ಹನ್ನೆರಡೂವರೆಗೆ ಊಟದ ಸುಟ್ಟಿ, ಅಂದರೆ ಬಿಡುವು. ಖಾತೆಯೆಲ್ಲ ಬರಿದಾದಾಗ ಒಬ್ಬ ಕಾರ್ಮಿಕ ಟಾಕಿಯೊಳಗೆ ಇಳಿದು, ಜಾಲಿಗೆ ಮೆತ್ತಿಕೊಂಡ ನೂಲಿನ ಮುದ್ದೆ ಕಿತ್ತು ತೆಗೆಯಬೇಕು. ಇಳಿಯುವ ಮುಂಚೆ ತನ್ನ ಹಿತ್ತಾಳೆಯ ಬಿಲ್ಲೆಯನ್ನು ಟಾಕಿಯ ಬಾಯಿಯ ಪಕ್ಕದ ಕೊಕ್ಕೆಗೆ ತೂಗುಹಾಕಬೇಕು. ಬಿಲ್ಲೆ ಇದೆ ಎಂದರೆ ಒಳಗೆ ಮನುಷ್ಯ ಇದ್ದಾನೆ ಎಂದು ಲೆಕ್ಕ. ಉಗಿಯ ಕೊಳವೆಗೆ ಕೈಯಿಂದ ತಿರುಗಿಸುವ ಚಕ್ರವೂ ಇತ್ತು. ಅದು ತುಕ್ಕು ಹಿಡಿದು ಇಬ್ಬರು ಜಗ್ಗಿದರೂ ಅಲುಗುತ್ತಿರಲಿಲ್ಲ. ಹಾಗಾಗಿ ನಂಬಿಕೆಯೆಲ್ಲ ಬಿಲ್ಲೆಯ ಮೇಲೆ.

ನಾನು ಸೇರುವುದಕ್ಕೆ ಒಂದು ವರ್ಷ ಮೊದಲು ಅದೇ ಟಾಕಿಯಲ್ಲಿ ಭೀಮಶ್ಯಾ ಎಂಬ ಕಾರ್ಮಿಕ ಉಗಿಗೆ ಬೆಂದು ಸತ್ತಿದ್ದ. ಮೇಲಿನವರ ವರದಿಯಲ್ಲಿ ಒಂದೇ ಸಾಲು: ಯಾರಿಗೂ ತಿಳಿಸದೆ ಒಳಗಿಳಿದ, ಅವನದೇ ನಿರ್ಲಕ್ಷ್ಯ. ಅವನ ಬಿಲ್ಲೆ ಮಾತ್ರ ಆವತ್ತಿನಿಂದ ಆ ಕೊಕ್ಕೆಯ ಮೇಲೇ ಉಳಿದಿತ್ತು. ನೆನಪಿಗೆಂದು ಯಾರೋ ತೂಗುಹಾಕಿದ್ದಾರೆ ಎಂದುಕೊಂಡೆವು. ದಸರೆಯಲ್ಲಿ ಯಂತ್ರಗಳಿಗೆ ಮಾಡುವ ಖಂಡೆ ಪೂಜೆಗೆ ಅದಕ್ಕೂ ಕುಂಕುಮ, ಚೆಂಡುಹೂವು. ಕುಂಕುಮ ಪದರು ಪದರಾಗಿ ಕೂತು ನಂಬರೇ ಕಾಣುತ್ತಿರಲಿಲ್ಲ. ಒಳಗಿಳಿಯುವವರು ತಮ್ಮ ಬಿಲ್ಲೆಯನ್ನೂ ಅದರ ಮೇಲೆಯೇ ಹಾಕುತ್ತಿದ್ದರು. ಆ ಕೊಕ್ಕೆ ಯಾವತ್ತೂ ಖಾಲಿ ಇರುತ್ತಿರಲಿಲ್ಲವಾದ್ದರಿಂದ ಯಾರೂ ಅದನ್ನು ನೋಡುತ್ತಿರಲಿಲ್ಲ. ಕೈ ಮುಗಿಯುತ್ತಿದ್ದರು ಅಷ್ಟೇ.

ಇನ್ನು ಗಂಟೆಯ ವಿಷಯ. ದಿನಾ ಒಂದು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ ಆ ಬರಿದಾದ ಖಾತೆಯಲ್ಲಿ, ಮೂರನೆಯ ಟಾಕಿಯ ಹತ್ತಿರ, ಒಂದು ಕರೆಂಟಿನ ಗಂಟೆ ಕಿರ್ರನೆ ಬಾರಿಸುತ್ತಿತ್ತು. ಸೋಲಾಪುರದ ಬಿಸಿಲು ತಗಡಿನ ಮೇಲೆ ಸುರಿಯುವ ಹೊತ್ತು. ಕೆಳಗೆ ಒದ್ದೆ ನೆಲ, ತಣ್ಣಗಾಗುತ್ತ ಟಕ್ ಟಕ್ ಎನ್ನುವ ಕೊಳವೆಗಳು, ಒಂದು ನರಪಿಳ್ಳೆಯೂ ಇಲ್ಲ. ಗಂಟೆ ಬಾರಿಸುತ್ತಲೇ ಇರುತ್ತಿತ್ತು. ಖಾತೆಯ ಮುಖ್ಯ ಆಪರೇಟರ್ ಮೌಲಾಲಿ ಊಟ ಬಿಟ್ಟೆದ್ದು ಬಂದು, ಟಾಕಿಯೊಳಗೆ ಇಣುಕಿ, ಕೊಕ್ಕೆಯ ಕೆಳಗಿನ ಬಟನ್ ಒಂದು ಸಲ ಒತ್ತುತ್ತಿದ್ದ. ಗಂಟೆ ನಿಲ್ಲುತ್ತಿತ್ತು. ಒಳಗೆ ಯಾರಾದರೂ ಇದ್ದರೆ ಎರಡು ಸಲ ಒತ್ತಬೇಕು. ಆಗಲೂ ನಿಲ್ಲುತ್ತಿತ್ತು, ಹತ್ತು ನಿಮಿಷ ಬಿಟ್ಟು ಮತ್ತೆ ಬಾರಿಸುತ್ತಿತ್ತು.

"ಇದೇನು ಗಂಟಿ, ಮೌಲಾಲಿ ಭಾಯಿ?" ಎಂದು ಒಮ್ಮೆ ಕೇಳಿದೆ.

ಅವನು ಕೊಕ್ಕೆಯ ಕಡೆ ನೋಡಲಿಲ್ಲ. "ಭೀಮಶ್ಯಾ ಕೇಳ್ತಾನರಿ ಬಾಯಿ. ನಾ ಹೊರಗ ಬರ್ಲೇನು ಅಂತ. ನಾವು ಒತ್ತಿ ಹೇಳ್ತೀವಿ, ನೀ ಇಲ್ಲಪಾ ಒಳಗ, ಹೋಗು ಅಂತ."

ಕಾರ್ಖಾನೆಯಲ್ಲಿ ಎಲ್ಲರೂ ಹಾಗೇ ನಂಬಿದ್ದರು. ಕಾಕಾರನ್ನು ಕೇಳಿದರೆ ಅವರು ಮಾತು ಹಾರಿಸಿದರು. ಅವರ ಮುಖ ಮಾತ್ರ ಸಣ್ಣದಾಯಿತು. ನಾನು ಇದೂ ಊದುಬತ್ತಿಯ ಸಾಲಿಗೆ ಸೇರಿದ್ದು ಎಂದು ಬಿಟ್ಟುಬಿಟ್ಟೆ.

ಕಾಕಾ ನಿವೃತ್ತರಾಗಿ ಒಂದೆರಡು ವರ್ಷಕ್ಕೆ ತೀರಿಕೊಂಡರು. ಹಳೆಯ ಮಷಿನ್ ತೆಗೆದು ಹೊಸದು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಉಗಿಯ ಕಾರ್ಡನ್ನು ಹಳೆಯದರಿಂದ ಕಿತ್ತು ಹೊಸದಕ್ಕೆ ಸಿಕ್ಕಿಸಿದೆ. ಕಾಕಾ ಬರೆದಿಟ್ಟ ಸೂಚನೆಯ ಕಡತಗಳನ್ನು ಇದ್ದ ಹಾಗೇ ನಕಲು ಮಾಡಿದೆ. ಹೊಸ ಮಷಿನ್ ಚಾಲೂ ಮಾಡಿದರೆ ಅದು ನಡುವೆಯೇ ನಿಂತುಬಿಟ್ಟಿತು. ಕಾರಣ ಹುಡುಕಿದೆ. ಕರ್ನಲ್ ಉಗಿಯ ಕಾರ್ಡಿನ ಮಾಡ್ಯೂಲ್ ಕೇಳಿದಾಗ, ಅದನ್ನು ನೇರವಾಗಿ ಏರಿಸುವ ಬದಲು ಮೊದಲು ಒಂದು ಸಣ್ಣ ಸ್ಕ್ರಿಪ್ಟ್, ಅಂದರೆ ನಾಲ್ಕು ಸಾಲಿನ ಪ್ರೋಗ್ರಾಮ್, ಓಡಿಸು ಎಂದು ಕಾಕಾ ಬರೆದಿದ್ದರು. ಆ ಸ್ಕ್ರಿಪ್ಟ್ ಕೆಳಗೆ ಗಂಟೆ ಬಾರಿಸುತ್ತದೆ, ಬಟನ್ನಿಗೆ ಕಾಯುತ್ತದೆ. ಒಂದು ಸಲ ಒತ್ತಿದರೆ ಮಾಡ್ಯೂಲ್ ಏರಿಸುತ್ತದೆ, ಎರಡು ಸಲ ಒತ್ತಿದರೆ ಏರಿಸುವುದಿಲ್ಲ. ಹೊಸ ಪದ್ಧತಿಗೆ ಅಷ್ಟು ಹೊತ್ತು ಕಾಯುವ ಸಹನೆ ಇಲ್ಲ. ಕಾದು ಕಾದು ಅದು ಸ್ಕ್ರಿಪ್ಟನ್ನೇ ಕೊಂದುಹಾಕುತ್ತಿತ್ತು.

ಅಂದರೆ ದಿನಾ ಒಂದು ಹತ್ತಕ್ಕೆ ಬಾರಿಸುತ್ತಿದ್ದದ್ದು ಭೀಮಶ್ಯಾ ಅಲ್ಲ, ನಮ್ಮ ಕಾಕಾ. ಸುಟ್ಟಿಯಲ್ಲಿ ಕಾರ್ಡಿಗೆ ಕೆಲಸವಿಲ್ಲದ್ದರಿಂದ ಹಳೆಯ ಮಷಿನ್ ಅದರ ಮಾಡ್ಯೂಲನ್ನು ತಾನೇ ಇಳಿಸಿಬಿಡುತ್ತಿತ್ತು. ಒಂದು ಹತ್ತಕ್ಕೆ ಟಾಕಿ ಕಾಯಿಸುವ ಪ್ರೋಗ್ರಾಮ್ ಎದ್ದು ಕಾರ್ಡು ಬೇಕೆಂದಾಗ ಕರ್ನಲ್ ಮತ್ತೆ ಕೇಳುತ್ತಿತ್ತು. ಆಗ ಗಂಟೆ. ನನಗೆ ನಗು ತಡೆಯಲಾಗಲಿಲ್ಲ. ಸ್ಕ್ರಿಪ್ಟಿನ ತಲೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಒಂದು ಕನ್ನಡದ ಸಾಲು ಬರೆದಿದ್ದರು: ಕೇಳದೆ ಎಬ್ಬಿಸಬ್ಯಾಡ.

ಒಂದು ಮಾಡ್ಯೂಲ್ ಏರಿಸಲು ಸತ್ತವನ ಅಪ್ಪಣೆ ಕೇಳುವುದೇ? ಸ್ಕ್ರಿಪ್ಟ್ ತೆಗೆದುಹಾಕಿದೆ. ಮಷಿನ್ ಗಾಳಿಯಂತೆ ಎದ್ದು ನಿಂತಿತು. ಹಳೆಯದನ್ನು ನನ್ನ ಕೈಯಾರೆ ಬಂದ್ ಮಾಡಿ ಮೂಲೆಗೆ ತಳ್ಳಿದೆ. ಗಂಟೆಯ ತಂತಿಗಳು ಅದರ ಬೆನ್ನಿಗೇ ಇದ್ದವು, ಕೀಳಲು ಬೇಸರವಾಯಿತು. ಪ್ಲಗ್ಗೂ ಕೀಳಲಿಲ್ಲ. ಇದು ನನ್ನ ವೃತ್ತಿಯ ಅತಿ ದೊಡ್ಡ ತಪ್ಪು. ಸ್ಕ್ರಿಪ್ಟ್ ತೆಗೆದದ್ದಷ್ಟೇ ತಪ್ಪಲ್ಲ, ಯಾಕಿದೆ ಎಂದು ಒಬ್ಬರನ್ನೂ ಕೇಳದೆ ತೆಗೆದದ್ದು.

ಮೂರು ವಾರ ಗಂಟೆ ಬಾರಿಸಲಿಲ್ಲ. ಖಾತೆಯಲ್ಲಿ ಯಾರಿಗೂ ಅದು ಸರಿಬರಲಿಲ್ಲ. ಮೌಲಾಲಿ ಒಂದು ಹತ್ತಕ್ಕೆ ರೂಢಿಯಂತೆ ಬಂದು, ಒಳಗೆ ಇಣುಕಿ, ಬಟನ್ ಒತ್ತಿ ಹೋಗುತ್ತಿದ್ದ. "ಗಂಟಿ ಆಗದಿದ್ರೂ ಯಾಕ ಒತ್ತತೀರಿ?" ಎಂದು ಕಾಡಿಸಿದೆ.

"ಅಂವಾ ಕೇಳೂದು ಬಿಟ್ಟಾನಂದ್ರ ಸಿಟ್ಟಾಗ್ಯಾನಂತ ಅರ್ಥರಿ," ಎಂದ. ಅವನು ನಗಲಿಲ್ಲ.

ಆಗ ಟಾಕಿಯೊಳಗೆ ಇಳಿಯುವ ಕೆಲಸ ಸಿದ್ರಾಮನದು. ಭೀಮಶ್ಯಾನ ಮಗ. ಸತ್ತವನ ಕೆಲಸ ಅವನ ಮಗನಿಗೆ ಕೊಡುವುದು ನಮ್ಮ ಗಿರಣಿಗಳ ರೂಢಿ. ಬಿಲ್ಲೆಯ ನಂಬರೂ ವಾರಸದಾರನಿಗೆ ಬರುತ್ತದೆ, ಹೊಸ ಹಿತ್ತಾಳೆಯಲ್ಲಿ ಅದೇ ನಂಬರು ಒತ್ತಿಸಿ ಕೊಡುತ್ತಾರೆ. ಸಿದ್ರಾಮ ಮೂವತ್ತು ದಾಟಿದವನು, ಎರಡು ಮಕ್ಕಳ ತಂದೆ, ಮಿತಭಾಷಿ. ಯಾರಾದರೂ ಗದರಿದರೆ ತಲೆ ತಗ್ಗಿಸುತ್ತಿದ್ದ. "ಅಪ್ಪನಂಗ ಹುಂಬ ಆಗಬ್ಯಾಡ" ಎಂಬ ಮಾತನ್ನು ಸೂಪರ್ವೈಸರು ದಿನಕ್ಕೊಮ್ಮೆಯಾದರೂ ಅವನಿಗೆ ಕೇಳಿಸುತ್ತಿದ್ದರು.

ವೈಶಾಖದ ಒಂದು ದಿನ. ಸುಟ್ಟಿಯಾಗಿ ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಯುಪಿಎಸ್ಸಿನ ಬ್ಯಾಟರಿ ಯಾವಾಗಲೋ ಸತ್ತಿತ್ತು, ಹೊಸ ಮಷಿನ್ ಆರಿತು. ಫ್ಯಾನಿಲ್ಲದ ಗಾಜಿನ ಕೋಣೆಯಲ್ಲಿ ಸೀರೆಯ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತೆ. ಕೆಳಗೆ ಖಾತೆ ಅಷ್ಟು ನಿಶ್ಶಬ್ದವಾಗಿದ್ದದ್ದನ್ನು ನಾನು ಕೇಳಿಯೇ ಇರಲಿಲ್ಲ. ಎಲ್ಲಿಂದಲೋ ನೀರು ತೊಟ್ಟಿಕ್ಕುತ್ತಿತ್ತು. ಒಂದು ಗಂಟೆ ದಾಟಿದ ಮೇಲೆ ಕರೆಂಟ್ ಬಂತು. ಹೊಸ ಮಷಿನ್ ಏಳತೊಡಗಿತು. ಸರಿಯಾಗಿ ಬಂದ್ ಆಗದೆ ಆರಿದ್ದರಿಂದ ಮೊದಲು ತನ್ನ ಡಿಸ್ಕನ್ನು ತಪಾಸಣೆ ಮಾಡಿಕೊಳ್ಳುತ್ತಿತ್ತು, ಪರದೆಯ ಮೇಲೆ ಶೇಕಡಾ ಒಂದೊಂದಾಗಿ ಏರುತ್ತಿತ್ತು.

ಆಗ ಕೆಳಗೆ ಗಂಟೆ ಬಾರಿಸಿತು.

ಗಡಿಯಾರದಲ್ಲಿ ಒಂದು ಹತ್ತು. ಆ ಸ್ಕ್ರಿಪ್ಟ್ ಇಲ್ಲ, ಅದನ್ನು ನಾನೇ ತೆಗೆದಿದ್ದೆ. ಗಂಟೆ ನಿಲ್ಲಲಿಲ್ಲ. ಆಗ ನನ್ನ ಬೆನ್ನ ಹಿಂದೆ ಏನೋ ಗುಂಯ್‌ಗುಟ್ಟುವುದು ಕೇಳಿಸಿತು. ತಿರುಗಿದೆ. ಮೂಲೆಯಲ್ಲಿ, ನಾನೇ ಬಂದ್ ಮಾಡಿದ ಕಾಕಾರ ಹಳೆಯ ಮಷಿನ್ ದೀಪ ಹಚ್ಚಿಕೊಂಡು ಕೂತಿತ್ತು. ಧೂಳು ಹಿಡಿದ ಪರದೆಯ ಮೇಲೆ ಒಂದೇ ಸಾಲು. ಕರ್ನಲ್ ಉಗಿಯ ಕಾರ್ಡಿನ ಮಾಡ್ಯೂಲ್ ಕೇಳುತ್ತಿದೆ, ಉತ್ತರಕ್ಕೆ ಕಾಯಲಾಗುತ್ತಿದೆ. ಆ ಕಾರ್ಡು ಅದರ ಹೊಟ್ಟೆಯಲ್ಲಿ ಇರಲೇ ಇಲ್ಲ. ಇಲ್ಲದ ಕಾರ್ಡಿಗಾಗಿ, ಸತ್ತವರ ಪ್ರೋಗ್ರಾಮು, ಬರಿದಾದ ಖಾತೆಗೆ ಗಂಟೆ ಬಾರಿಸಿ ಕೇಳುತ್ತಿತ್ತು.

ಕೇಳದೆ ಎಬ್ಬಿಸಬ್ಯಾಡ. ಯಾರನ್ನು? ಭೀಮಶ್ಯಾನನ್ನಲ್ಲ, ಕಾರ್ಡನ್ನು. ಕಾರ್ಡು ಏಳುವಾಗ ಏನಾಗುತ್ತದೆ? ಕಾಕಾ ಒಂದು ಸಲ ಹೇಳಿದ್ದರು, "ಈ ಕಾರ್ಡು ಎದ್ದ ಕೂಡ್ಲೆ ಒಮ್ಮಿ ಮೈ ಮುರಿತದ ನೋಡು, ಎಲ್ಲಾ ಕೈ ಒಮ್ಮೆಲೇ ಎತ್ತತದ." ಎಲ್ಲ ಕೈ ಎಂದರೆ ಎಲ್ಲ ವಾಲ್ವು. ಪ್ರೋಗ್ರಾಮು ಬಂದು ಕೆಳಗಿಳಿಸುವವರೆಗೆ ಅವು ತೆರೆದೇ ಇರುತ್ತವೆ.

ಹೊಸ ಮಷಿನ್ನಿನ ಪರದೆ ನೋಡಿದೆ. ತೊಂಬತ್ತಾರು. ಇದೂ ಅದೇ ಪ್ರಶ್ನೆ ಕೇಳಲಿದೆ, ಆದರೆ ಕೇಳಿದ ಕೂಡಲೇ ಕೊಟ್ಟುಬಿಡು ಎಂದು ನಾನು ಹೇಳಿಟ್ಟಿದ್ದೇನೆ. ತೊಂಬತ್ತೇಳು. ಮೇಜಿನ ಕೆಳಗೆ ಬಿದ್ದು, ಹೊಸ ಮಷಿನ್ನಿನ ಪ್ಲಗ್ಗನ್ನು ಗೋಡೆಯಿಂದ ತಂತಿಸಮೇತ ಜಗ್ಗಿ ಕಿತ್ತೆ. ಪರದೆ ಕಪ್ಪಾಯಿತು. ಅದೇ ಹೊತ್ತಿಗೆ ಕೆಳಗಿನ ಗಂಟೆಯೂ ನಿಂತಿತು.

ಮೆಟ್ಟಿಲು ಹೇಗಿಳಿದೆನೋ ಗೊತ್ತಿಲ್ಲ. ಖಾತೆಯಲ್ಲಿ ಯಾರೂ ಇರಲಿಲ್ಲ. ಕೊಕ್ಕೆಯ ಮೇಲೆ ಕುಂಕುಮದ ಬಿಲ್ಲೆ, ಅದರ ಮೇಲೆ ಇನ್ನೊಂದು. ಟಾಕಿಯ ಬಾಯಿಯಿಂದ ಮೊದಲು ಎರಡು ಕೈ ಬಂದವು, ಆಮೇಲೆ ಬೆವರಿನಲ್ಲಿ ತೊಯ್ದ ಒಂದು ತಲೆ. ಸಿದ್ರಾಮ. ನಾನು ಅಲ್ಲೇ ಒದ್ದೆ ನೆಲದ ಮೇಲೆ ಕುಸಿದು ಕೂತೆ, ಅಳು ಬಂತು. ನಾಚಿಕೆಯಿಲ್ಲದೆ ಅತ್ತೆ.

"ಯಾಕ್ರಿ ಬಾಯಿ, ಏನಾತು?" ಎಂದು ಅವನು ಗಾಬರಿಯಾದ. "ಭಾಳ ದಿವಸಕ್ಕ ಗಂಟಿ ಆತು ಅಂತ ಹೊರಗ ಬಂದೆ. ಯಾರು ಬಟನ್ ಒತ್ತಿ ಬಂದ್ ಮಾಡಿದ್ರು? ನೀವೇನು?"

ನಾನಲ್ಲ. ಮೌಲಾಲಿ ಕರೆಂಟ್ ಹೋದಾಗಲೇ ಬಾಯ್ಲರಿನ ಕಡೆ ಹೋದವನು ಆಗ ಓಡುತ್ತ ಬಂದ. ಅವನೂ ಅಲ್ಲ.

ಹಳೆಯ ಮಷಿನ್ ತಾನಾಗಿ ಎದ್ದದ್ದಕ್ಕೆ ಕಾರಣ ಆ ಸಂಜೆಯೇ ಸಿಕ್ಕಿತು. ಕರೆಂಟ್ ಹೋಗಿ ಬಂದರೆ ಯಾರೂ ಗುಂಡಿ ಒತ್ತದಿದ್ದರೂ ಏಳು ಎಂದು ಅದಕ್ಕೆ ಕಾಕಾ ಹೇಳಿಟ್ಟಿದ್ದರು. ಚಿಕ್ಕ ಮಷಿನ್, ಬೇಗ ಎದ್ದಿತು, ಒಂದು ಹತ್ತಕ್ಕೆ ತನ್ನ ಕೆಲಸ ಮಾಡಿತು. ಇದರಲ್ಲಿ ದೆವ್ವ ಭೂತ ಏನಿಲ್ಲ. ಆಮೇಲೆ ಬಾಯ್ಲರ್ ಬಂದ್ ಮಾಡಿಸಿ, ಬರಿ ಗಾಳಿ ಬಿಟ್ಟು ಹೊಸ ಮಷಿನ್ ಎಬ್ಬಿಸಿ ನೋಡಿದೆವು. ಮಾಡ್ಯೂಲ್ ಏರಿದ ಕೂಡಲೇ ವಾಲ್ವ್ ತೆರೆಯಿತು. ಪ್ರೋಗ್ರಾಮು ಬಂದು ಮುಚ್ಚುವವರೆಗೆ ನಾನು ನಲವತ್ತರ ತನಕ ಎಣಿಸಿದೆ. ಮೌಲಾಲಿ ಟಾಕಿಯ ಬಾಯಿಗೆ ಕೈ ಒಡ್ಡಿ ನಿಂತಿದ್ದವನು ಕೈ ಹಿಂದಕ್ಕೆ ಎಳೆದುಕೊಂಡ.

ಹಳೆಯ ಮಷಿನ್ನಿನ ಲಾಗ್, ಅಂದರೆ ಅದು ಬರೆದಿಟ್ಟುಕೊಂಡ ದಾಖಲೆ, ತೆರೆದು ಓದಿದೆ. ಕೇಳಿದ ಹೊತ್ತು, ಬಂದ ಉತ್ತರ, ಹೀಗೆ ವರ್ಷಗಟ್ಟಲೆ ಸಾಲುಗಳು. ಉತ್ತರ ಒಂದು, ಉತ್ತರ ಒಂದು, ಅಪರೂಪಕ್ಕೆ ಎರಡು. ಕೊನೆಯ ಸಾಲು ಆವತ್ತಿನದು. ಒಂದು ಹತ್ತಕ್ಕೆ ಪ್ರಶ್ನೆ. ಒಂದು ಹನ್ನೊಂದಕ್ಕೆ ಉತ್ತರ: ಎರಡು.

ಹಳೆಯ ಬಟನ್ನಿನ ಒಳಗಿನ ತಗಡಿನ ಪಟ್ಟಿ ಸಡಿಲವಾದರೆ ಅದುರಿ ಸುಳ್ಳು ಒತ್ತು ದಾಖಲಾಗುವುದುಂಟು. ನಾನು ಹಾಗೇ ಬರೆದು ಸಹಿ ಹಾಕಿದೆ. ಬರೆಯುವಾಗ ನಂಬಿದ್ದೆನೇ ಎಂದು ಕೇಳಬೇಡಿ.

ಆ ಭಾನುವಾರ ಅಕ್ಕಲಕೋಟೆಗೆ ಹೋದೆ. ಯಾತ್ರಿಕರ ಗದ್ದಲ ದಾಟಿ, ಹಿಂದಿನ ಓಣಿಯಲ್ಲಿ ಕಾಕಾರ ಮನೆ. ಅವರ ಹೆಂಡತಿ ನೀಲಮ್ಮ ಕಾಕು ಚಹಾ ಕೊಟ್ಟರು. ಗಂಟೆಯ ಸಂಗತಿ ಕೇಳಿ ಕೈಯಲ್ಲಿದ್ದ ಬಶಿ ಕೆಳಗಿಟ್ಟರು.

"ನಿನಗ ಹೇಳಿರಲಿಲ್ಲೇನವ್ವ? ಯಾರಿಗೂ ಹೇಳಿರಾಕಿಲ್ಲ ಬಿಡು," ಎಂದರು. "ಆ ಭೀಮಶ್ಯಾಂದು ತಪ್ಪಿಲ್ಲ, ತಪ್ಪು ನಂದು ಅಂತಿದ್ರು. ಮಷಿನ್ ಕೇಳಿತು, ನಾ ಹೊರಗ ನೋಡದಽ ಕೊಡು ಅಂತ ಬರೆದಿಟ್ಟಿದ್ದೆ ಅಂತಿದ್ರು. ನನಗ ಅದೇನು ತಿಳೀತದ? ಸಾಹೇಬರಿಗಿ ಹೇಳ್ರಿ ಅಂದೆ. ಹೇಳಾಕ ಧೈರ್ಯ ಆಗಲಿಲ್ಲ ಅವರಿಗಿ. ಗಂಟಿ ಕಟ್ಟಿ ಬಂದ್ರು."

ಆಮೇಲೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದರು. "ರಿಟೈರ್ ಆದಮ್ಯಾಗೂ ಒಂದು ಹತ್ತಕ್ಕ ಉಣ್ಣೂ ಕೈ ನಿಲ್ಲಿಸಿ ಕಿವಿಗೊಟ್ಟು ಕೂಡ್ತಿದ್ರು. ಕಡೀಕ ಹಾಸಗಿ ಹಿಡದ್ರಲ್ಲ, ಮಾತು ನಿಂತಿತ್ತು. ಆದರ ಆ ಹೊತ್ತಿಗಿ ಸರಿಯಾಗಿ ಮಂಚದ ಪಟ್ಟಿಗಿ ಬೆರಳಿಂದ ಹಿಂಗ ಬಡೀತಿದ್ರು." ಅವರು ಚಹಾದ ಬಶಿಯ ಅಂಚಿಗೆ ಬೆರಳಿನಿಂದ ತಟ್ಟಿ ತೋರಿಸಿದರು. ಎರಡು ಸಲ.

ನಾನು ಲಾಗಿನ ಕೊನೆಯ ಸಾಲಿನ ಬಗ್ಗೆ ಅವರಿಗೆ ಹೇಳಿರಲೇ ಇಲ್ಲ. ಆಮೇಲೂ ಹೇಳಲಿಲ್ಲ.

ಮರುದಿನ ಸಿದ್ರಾಮನನ್ನೂ ಮೌಲಾಲಿಯನ್ನೂ ಟಾಕಿಯ ಹತ್ತಿರ ಕರೆದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿನ್ನ ಅಪ್ಪ ಸತ್ತದ್ದು ಮಷಿನ್ನಿನಿಂದ, ನೀನು ಸಾಯಲಿದ್ದದ್ದು ನನ್ನಿಂದ. ಕಾಕಾ ಹೇಳಲಾರದೆ ಹೋದರು, ನಾನು ಹೇಳುತ್ತಿದ್ದೇನೆ. ಸಿದ್ರಾಮ ನೆಲ ನೋಡುತ್ತ ಕೇಳಿಸಿಕೊಂಡ.

"ಆದರ ಅಪ್ಪ ಯಾರಿಗೂ ಹೇಳದಽ ಇಳದಿದ್ದ ಅಂತ ಬರದಾರಲ್ರಿ," ಎಂದ. "ಬಿಲ್ಲಾ ಹಾಕಿದ್ರ ಯಾರರೆ ನೋಡತಿದ್ರು."

ನಾನು ಕೊಕ್ಕೆಯ ಕಡೆ ನೋಡಿದೆ. "ಮೌಲಾಲಿ ಭಾಯಿ, ಈ ಹಳೀ ಬಿಲ್ಲಾ ಇಲ್ಲಿ ತೂಗುಹಾಕಿದವರು ಯಾರು?"

ಮೌಲಾಲಿ ಮೊದಲ ಸಲ ಆ ಬಿಲ್ಲೆಯನ್ನು ನೇರ ನೋಡಿದ.

"ಯಾರೂ ಹಾಕಿಲ್ಲರಿ ಬಾಯಿ. ಅಂವಾ ಹಾಕಿದ್ದೇ ಅದು. ಆವತ್ತು ಇಳಿಯೂ ಮುಂಚೆ. ಅವನ್ನ ಹೊರಗ ತಗದಾಗ ಇಲ್ಲೇ ಇತ್ತು. ನಾವು ತಗೀಲಿಲ್ಲ ಅಷ್ಟೇ."

"ಇಷ್ಟು ವರ್ಷ ಯಾಕ ಹೇಳಲಿಲ್ಲ?"

"ಯಾರೂ ಕೇಳಲಿಲ್ಲರಿ."

ಅವನು ಎಲ್ಲ ನಿಯಮ ಪಾಲಿಸಿದ್ದ. ಅದಕ್ಕೆ ಸಾಕ್ಷಿ ನಮ್ಮೆಲ್ಲರ ಕಣ್ಣೆದುರಿಗೇ ತೂಗುತ್ತಿತ್ತು. ನಾವು ಅದಕ್ಕೆ ಹೂವು ಏರಿಸಿಕೊಂಡು ಬಂದಿದ್ದೆವು. ಸಿದ್ರಾಮ ಕೊಕ್ಕೆಯಿಂದ ಬಿಲ್ಲೆ ಬಿಡಿಸಿದ. ಅಂಗಿಯ ತುದಿಯಿಂದ ತಿಕ್ಕಿ ತಿಕ್ಕಿ ಕುಂಕುಮ ತೆಗೆದ. ನಂಬರು ಕಾಣಿಸಿತು, ಅವನ ಕೊರಳಲ್ಲಿದ್ದದ್ದೇ. ಅದನ್ನು ಎದೆಯ ಜೇಬಿಗೆ ಹಾಕಿಕೊಂಡು ಗುಂಡಿ ಹಾಕಿದ. "ಅವ್ವಗ ತೋರಸ್ತೀನ್ರಿ," ಎಂದ, ಅಷ್ಟೇ.

ನಾನು ಹೊಸ ವರದಿ ಬರೆದೆ, ಕಾಕಾರದು, ನನ್ನದು, ಎರಡು ತಪ್ಪನ್ನೂ ಹೆಸರಿಟ್ಟು ಬರೆದೆ. ನನಗೆ ನೋಟೀಸು ಬಂತು, ಬರಬೇಕಾದದ್ದೇ. ಭೀಮಶ್ಯಾನ ಕಡತದಿಂದ ನಿರ್ಲಕ್ಷ್ಯ ಎಂಬ ಪದ ಹೊಡೆದುಹಾಕಿಸಲು ಬಹಳ ಅಲೆದೆ, ಹೊಡೆದುಹಾಕಿಸಿದೆ. ತುಕ್ಕು ಹಿಡಿದ ಚಕ್ರ ಬದಲಾಯಿತು, ಈಗ ಅದಕ್ಕೆ ಬೀಗವಿದೆ, ಕೀಲಿ ಒಳಗಿಳಿಯುವವನ ಹತ್ತಿರವೇ ಇರುತ್ತದೆ. ಉಗಿಯ ಕಾರ್ಡಿನ ಮಾಡ್ಯೂಲನ್ನು ತಾನಾಗಿ ಏರಿಸುವ ಪಟ್ಟಿಯಿಂದ ತೆಗೆದೆ. ಕರ್ನಲ್ ಎಷ್ಟು ಕೇಳಿದರೂ ಹೊರಗಿನವರು ಕೊಡುವುದಿಲ್ಲ. ಮಷಿನ್ ಪೂರ್ತಿ ಎದ್ದ ಮೇಲೆ, ಕೆಳಗಿನಿಂದ ಒಬ್ಬ ಮನುಷ್ಯ ನೋಡಿ ಹೇಳಿದ ಮೇಲೆ, ಗಂಟೆ ಬಾರಿಸಿ ನಾವೇ ಏರಿಸುತ್ತೇವೆ. ಹುಡುಗಿಯರೇ, ಇದು ನಿಧಾನ ಎಂದು ನಿಮಗೆ ಅನ್ನಿಸುತ್ತದೆ. ಅನ್ನಿಸಲಿ.

ಕಾಕಾರ ಹಳೆಯ ಮಷಿನ್ನಿನ ಪ್ಲಗ್ಗನ್ನು ಕಡೆಗೆ ಕಿತ್ತೆ. ಕೀಳುವ ಮೊದಲು ಊದುಬತ್ತಿ ಹಚ್ಚಿದೆ. ಯಾಕೆ ಎಂದು ನನ್ನನ್ನು ನಾನೇ ಕೇಳಿಕೊಳ್ಳಲಿಲ್ಲ.

ಬಿಲ್ಲೆ ತೆಗೆದ ಮೇಲೆ ಒಂದು ವಾರ ಟಾಕಿಯ ಕೆಲಸ ನಿಂತಿತ್ತು. ಮತ್ತೆ ಚಾಲೂ ಆದ ದಿನ ಸುಟ್ಟಿಯ ಹೊತ್ತಿನಲ್ಲಿ ಏತಕ್ಕೋ ಖಾತೆಗೆ ಇಳಿದೆ. ಬಿಸಿಲು, ನಿಶ್ಶಬ್ದ, ಟಕ್ ಟಕ್ ಎನ್ನುವ ಕೊಳವೆಗಳು. ಹಳೆಯ ಬಿಲ್ಲೆ ಹೋಗಿ ಬರಿದಾಗಿದ್ದ ಕೊಕ್ಕೆಯ ಮೇಲೆ ಒಂದು ಬಿಲ್ಲೆ ಹೊಳೆಯುತ್ತ ತೂಗುತ್ತಿತ್ತು. ನಾನು ಅಲ್ಲೇ ನಿಂತೆ, ಬಗ್ಗಿ ಟಾಕಿಯೊಳಗೆ ಕೂಗಿದೆ.

"ಸಿದ್ರಾಮ, ಒಳಗ ಅದಿಯೇನೋ?"

"ಅದೀನ್ರಿ ಬಾಯಿ," ಎಂದು ಒಳಗಿನಿಂದ ದನಿ ಬಂತು.